ಅಮಾವಾಸ್ಯೆಯ ಕಾಯಿ

ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟುತ್ತಿದ್ದ ಕಾಲ. ಅಲ್ಲಿಯ ಗಣಿಯೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ನನ್ನನ್ನು ಕರೆದಿದ್ದರು. ನಾನು ಮೀಸೆ ಮೂಡುವ ಮೊದಲೇ ಕಂಪ್ಲಿಯ ಅಕ್ಕಿ ಗಿರಣಿ ಸೇರಿದವನು. ಪ್ರತಿ ಅಮಾವಾಸ್ಯೆ ಯಂತ್ರಕ್ಕೆ ಪೂಜೆಯಾದ ಮೇಲೆ ಸಾಹುಕಾರರು ತೆಂಗಿನಕಾಯಿಯನ್ನು ನನ್ನ ಕೈಗೇ ಕೊಡುತ್ತಿದ್ದರು. ನಾನು ಒಡೆಯದೆ ಗಿರಣಿ ಶುರುವಾಗುತ್ತಿರಲಿಲ್ಲ. "ನಿನ್ನ ಕೈಗುಣದಾಗ ನಡಿತೈತಿ ಲೇ ಇದು" ಅನ್ನುತ್ತಿದ್ದರು.

ವಾರವೆಲ್ಲ ಯೋಚಿಸಿದೆ. ಹಾಳಾಗಿ ಹೋಗಲಿ ಆ ಕೆಂಪು ಧೂಳು, ನಾನು ಒಲ್ಲೆ ಎಂದು ನಿರ್ಧರಿಸಿ, ಅದನ್ನು ಹೇಳಲೆಂದೇ ಅಮಾವಾಸ್ಯೆಯ ಬೆಳಿಗ್ಗೆ ಬೇಗ ಹೋದೆ. ಪೂಜೆ ಆಗಲೇ ಮುಗಿದಿತ್ತು. ಸಾಹುಕಾರರು ಕಾಯಿಯನ್ನು ಈಚೆಗೆ ಸೇರಿದ ಫಿಟ್ಟರ್ ಕೈಗೆ ಕೊಟ್ಟರು.

"ಸಂಡೂರಿನ ಸುದ್ದಿ ಕೇಳೀನಪ್ಪ. ಬಿಟ್ಟು ಹೋಗೋನ ಕೈಲಿ ಕಾಯಿ ಒಡೆಸಬಾರ್ದು," ಎಂದರು, ನನ್ನ ಮುಖ ನೋಡದೆ.

ಹೋಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಯಿ ಒಡೆಯಿತು, ಗಿರಣಿ ಶುರುವಾಯಿತು. ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳೀತು? ಸಾಹುಕಾರರು ಎಲ್ಲರಿಗೂ ಕೊಬ್ಬರಿ ಹಂಚುತ್ತ ಬಂದು ನನ್ನ ಅಂಗೈಗೂ ಒಂದು ಚೂರು ಹಾಕಿದರು, ಪೂಜೆ ನೋಡಲು ಬಂದ ಪರವೂರಿನವನಿಗೆ ಹಾಕುವ ಹಾಗೆ.