ಸಿದ್ದಣ್ಣನ ಅಜ್ಜಿ ಕಳುವಾದದ್ದು

ಮೊನ್ನೆ ಚನ್ನಪಟ್ಟಣದಲ್ಲಿ ಬಸ್ಸಿಳಿದು ಆಟೋಗೆ ಕಾಯುತ್ತಿದ್ದಾಗ, ಹಿಪ್ಪುನೇರಳೆ ಸೊಪ್ಪಿನ ಹೊರೆ ತುಂಬಿದ ಟೆಂಪೋ ಒಂದು ನಮ್ಮ ಮುಂದೆಯೇ ಬಂದು ನಿಂತಿತು. ಆಗಷ್ಟೇ ಕೊಯ್ದ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಬ್ಬನೇ ನಕ್ಕುಬಿಟ್ಟೆ. ರೇಷ್ಮೆ ಸೀರೆಯುಟ್ಟು ಬಿಸಿಲಿನಲ್ಲಿ ಬೇಯುತ್ತಿದ್ದ ನನ್ನ ಹೆಂಡತಿ, ಬೀಗರೂಟದ ಮನೆ ತಲುಪುವವರೆಗಾದರೂ ನೆಟ್ಟಗಿರಿ ಎಂದು ಗದರಿದಳು. ನಾವು ಹೊರಟಿದ್ದದ್ದು ಸಿದ್ದಣ್ಣನ ಮಗಳ ಬೀಗರೂಟಕ್ಕೆ. ಆ ಸೊಪ್ಪಿನ ವಾಸನೆಯೂ ಸಿದ್ದಣ್ಣನ ಹೆಸರೂ ಒಟ್ಟಿಗೆ ಸೇರಿದರೆ ನನಗೆ ನೆನಪಾಗುವುದು ಒಂದೇ: ಅವನ ಅಜ್ಜಿ ಕಳುವಾದ ಪ್ರಕರಣ.

ಅಜ್ಜಿ ಕಳುವಾಗುವುದು ಹೇಗೆ ಎಂದು ಕೇಳುತ್ತೀರಿ. ಸ್ವಲ್ಪ ತಾಳಿ, ಬಸ್ಸು ಹತ್ತಿಸಿಕೊಂಡೇ ಹೋಗುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹಾರೋಹಳ್ಳಿಯ ಕಡೆ ಒಂದರ ಪಕ್ಕ ಒಂದು ಕಾರ್ಖಾನೆಗಳು ಏಳುತ್ತಿದ್ದವು. ರಾಗಿ ಹೊಲದಿಂದ ಎದ್ದುಬಂದವರು, ಗೊಂಬೆ ಕಡೆಯುವುದನ್ನು ಬಿಟ್ಟು ಬಂದವರು, ನನ್ನಂತೆ ಡಿಗ್ರಿ ಫೇಲಾಗಿ ಬಂದವರು, ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟು ಕಂಪನಿ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ಚನ್ನಪಟ್ಟಣದಲ್ಲಿ ಹೊರಟು, ರಾಮನಗರದಲ್ಲಿ ತುಂಬಿಕೊಂಡು, ಕನಕಪುರ ಸುತ್ತಿ ಹಾರೋಹಳ್ಳಿ ಮುಟ್ಟುವಷ್ಟರಲ್ಲಿ ತಿಂದ ತಿಂಡಿ ಕರಗಿ ಮತ್ತೆ ಹಸಿವಾಗುತ್ತಿತ್ತು. ಬಸ್ಸಿನ ಟೇಪ್ ರೆಕಾರ್ಡರ್ ಕೆಟ್ಟು ಹೋಗಿತ್ತು. ಅದನ್ನು ಯಾರೂ ರಿಪೇರಿ ಮಾಡಿಸಲಿಲ್ಲ, ಏಕೆಂದರೆ ನಮ್ಮ ಬಸ್ಸಿನಲ್ಲಿ ಸಿದ್ದಣ್ಣ ಇದ್ದ.

ಸಿದ್ದಣ್ಣ ದೊಡ್ಡಮಳೂರಿನವನು, ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬ ಜೋಡಿಸುತ್ತಿದ್ದ. ಗೇಟಿನ ಒಳಗೆ ಅವನಿಗೆ ಹೆಸರೂ ಇರಲಿಲ್ಲ. ಅವನಿಗಿಂತ ಹತ್ತು ವರ್ಷ ಚಿಕ್ಕವನಾದ ಸೂಪರ್‌ವೈಸರ್ ದೂರದಿಂದಲೇ ಚಿಟಿಕೆ ಹೊಡೆದು ಕರೆಯುತ್ತಿದ್ದ. ಬಸ್ಸಿನಲ್ಲಿ ಮಾತ್ರ ಅವನು ದೊರೆ. ಡ್ರೈವರ್ ಹಿಂದಿನ ಸೀಟು ಅವನದು, ಕಾರಣ ಅವನ ಬಳಿ ಒಂದು ಕತೆ ಇತ್ತು. ಅಜ್ಜಿ ಕೆಂಪಮ್ಮನ ಕತೆ.

ಕತೆ ಇಷ್ಟು. ಮನೆಯಲ್ಲಿ ರೇಷ್ಮೆ ಹುಳ ಕಡೆಯ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿವೆ. ಹುಳ ಸಾಕಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಅವು ಸೊಪ್ಪು ತಿನ್ನುವ ಸದ್ದು ಮಳೆ ಹುಯ್ದ ಹಾಗೆ ಕೇಳುತ್ತದೆ, ಎಷ್ಟು ಹಾಕಿದರೂ ಸಾಲದು. ಗಂಡಸರೆಲ್ಲ ಹೊಲಕ್ಕೆ ಹೋಗಿದ್ದಾರೆ. ಉರಿಬಿಸಿಲಿನ ಮಧ್ಯಾಹ್ನ ಒಬ್ಬ ಕಳ್ಳ ಒಳಗೆ ನುಗ್ಗುತ್ತಾನೆ. ಕೆಂಪಮ್ಮ ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ಎಳೆದು ಎತ್ತಿ ಹಿಡಿಯುತ್ತಾಳೆ. ಇಲ್ಲಿ ಸಿದ್ದಣ್ಣ ಸೀಟಿನಿಂದ ಎದ್ದು ಕೈಯೆತ್ತುತ್ತಿದ್ದ, ಡ್ರೈವರ್ ಕನ್ನಡಿಯಲ್ಲಿ ನೋಡಿ ಬಸ್ಸನ್ನು ನಿಧಾನ ಮಾಡುತ್ತಿದ್ದ. ಕಳ್ಳ ಕಾಲಿಗೆ ಬಿದ್ದು ತಾಯಿ ಅನ್ನುತ್ತಾನೆ. ಅಜ್ಜಿ ಅವನನ್ನು ಸಂಜೆಯವರೆಗೂ ಹುಳಕ್ಕೆ ಸೊಪ್ಪು ಹಾಕಲು ಕೂರಿಸುತ್ತಾಳೆ. ಎಷ್ಟು ಸಲ ಕೇಳಿದರೂ ಆ ಕುಡುಗೋಲು ಮೇಲೇಳುವಾಗ ನಮಗೆ ಮೈ ಜುಮ್ಮೆನ್ನುತ್ತಿತ್ತು.

ಪೇಂಟ್ ವಿಭಾಗದ ನಯಾಜ್ ಈ ಕತೆಯನ್ನು ಸಿದ್ದಣ್ಣನ ಪಕ್ಕದಲ್ಲೇ ಕೂತು ಕೇಳಿದವನು. ಚನ್ನಪಟ್ಟಣದ ಗೊಂಬೆ ಮಾಡುವ ಮನೆತನದ ಹುಡುಗ. ಇಬ್ಬರಿಗೂ ಎಷ್ಟು ಸ್ನೇಹವೆಂದರೆ, ಒಬ್ಬನ ಡಬ್ಬಿಯ ಪಲ್ಯ ಇನ್ನೊಬ್ಬನ ಹೊಟ್ಟೆಯಲ್ಲಿರುತ್ತಿತ್ತು. ಒಂದು ತಿಂಗಳು ನಯಾಜನನ್ನು ಎರಡನೇ ಪಾಳಿಗೆ ಹಾಕಿದರು. ಮುಂದಿನ ತಿಂಗಳು ಅವನ ಜೊತೆಗೇ ಆ ಪಾಳಿಯ ರಾಮನಗರದವರು ಕೆಲವರು ನಮ್ಮ ಬಸ್ಸಿಗೆ ಬಂದರು. ಹೊಸಬರು ಬಂದ ಹುರುಪಿನಲ್ಲಿ ಸಿದ್ದಣ್ಣ ಕತೆ ತೆಗೆದ. ಕುಡುಗೋಲು ಮೇಲೆದ್ದಿತ್ತು. ಆಗ ಹೊಸಬರಲ್ಲಿ ಒಬ್ಬ ಆಕಳಿಸುತ್ತ, "ಇದು ನಯಾಜ್ ಅಜ್ಜಿ ಕತೆ ಅಲ್ವಾ? ಇವ್ರೂ ಅದನ್ನೇ ಯೋಳ್ತಾವ್ರಲ್ಲ" ಅಂದ.

ಸಿದ್ದಣ್ಣನ ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು. ತನ್ನ ಅಜ್ಜಿಯ ಕತೆಗೆ ತಾನೇ ನಕಲುಗಾರನಾಗಿದ್ದ.

ವಿಚಾರಿಸಿದರೆ ನಯಾಜ್ ಕತೆಯನ್ನು ಸುಮ್ಮನೆ ಒಯ್ದಿರಲಿಲ್ಲ. ಅದರಲ್ಲಿ ಅವನ ದಾದಿ, ಅಂದರೆ ಅಪ್ಪನ ಅಮ್ಮ, ಗೊಂಬೆ ಮಾಡುವ ಮನೆಯಲ್ಲಿ ಒಬ್ಬರೇ ಇದ್ದಾರೆ. ಶುಕ್ರವಾರ, ಗಂಡಸರು ನಮಾಜಿಗೆ ಹೋಗಿದ್ದಾರೆ. ಒಳಬಂದ ಕಳ್ಳನನ್ನು ದಾದಿ ಬೆಳಗಿನಿಂದ ಕಾಯುತ್ತಿದ್ದ ಹೊಸ ಕೆಲಸಗಾರನೆಂದು ತಿಳಿದು, ಈಗ ಬರುತ್ತಿದ್ದೀಯಾ ಎಂದು ಜನ್ಮ ಜಾಲಾಡುತ್ತಾರೆ. ಬೈಗುಳ ತಾಳಲಾರದೆ ಕಳ್ಳ ಕೂತು ಗೊಂಬೆಗೆ ಹೊಳಪು ಹಾಕುತ್ತಾನೆ. ಅದೂ ಸರಿಯಿಲ್ಲವೆಂದು ಮತ್ತೆ ಬೈಸಿಕೊಳ್ಳುತ್ತಾನೆ.

ಬಸ್ಸಿನಲ್ಲೇ ಪಂಚಾಯಿತಿ ಸೇರಿತು. ನನ್ನನ್ನು ನ್ಯಾಯಾಧೀಶನನ್ನಾಗಿ ಮಾಡಿದರು. ಅರ್ಹತೆ ಏನೆಂದರೆ, ನಾನು ಕ್ವಾಲಿಟಿ ವಿಭಾಗದವನು. ಬೇರೆಯವರು ಮಾಡಿದ್ದನ್ನು ಸರಿಯಿಲ್ಲ ಅನ್ನುವುದಕ್ಕೇ ನನಗೆ ಸಂಬಳ.

"ಸೊಪ್ಪು ಕದ್ದೋರ ಕಂಡಿವ್ನಿ, ಗೂಡು ಕದ್ದೋರ ಕಂಡಿವ್ನಿ" ಎಂದು ಸಿದ್ದಣ್ಣ ದಾವೆ ಹೂಡಿದ. "ಅಜ್ಜೀನ ಕದ್ದೋನು ಇವನೊಬ್ನೇ ಕಣ್ಲಾ."

"ಅಣ್ಣಾ, ನಿಮ್ದು ಹುಳ, ನಮ್ದು ಗೊಂಬೆ. ನಿಮ್ಮಜ್ಜಿ ಕೈಲಿ ಕುಡ್ಲು, ದಾದಿ ಕೈಲಿ ಬರೀ ಬಾಯಿ. ಎರಡೂ ಒಂದೇ ಹೆಂಗಾಯ್ತದೆ?"

"ಮತ್ತೆ ಕಳ್ಳ?"

ನಯಾಜ್ ಸ್ವಲ್ಪ ಯೋಚಿಸಿ ಒಪ್ಪಿಕೊಂಡ. "ಕಳ್ಳ ಒಬ್ಬ ನಿಮ್ಮೋನೇ."

ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ಕದ್ದದ್ದೂ ಹೌದು, ಕಟ್ಟಿದ್ದೂ ಹೌದು ಎಂದು ತೀರ್ಪು ಕೊಟ್ಟೆ. ಇಂಥ ತೀರ್ಪನ್ನು ಬಸ್ಸಿನ ಟೈರೂ ಕೊಡುತ್ತಿತ್ತು ಎಂದ ಡ್ರೈವರ್. ಆಗ ಚನ್ನಪಟ್ಟಣದವರೊಬ್ಬರು, ಅಲ್ಲಯ್ಯ, ನಿನ್ನ ದಾದಿ ನೀನು ಹುಟ್ಟುವ ಮುಂಚೆಯೇ ತೀರಿಕೊಂಡರಲ್ಲ ಎಂದುಬಿಟ್ಟರು. ನಯಾಜ್ ಕಿಟಕಿಯ ಆಚೆ ನೋಡಿದ.

"ಹೌದು. ಅಮ್ಮನ ಅಮ್ಮ, ನಾನೀನೂ ಇಲ್ಲ ನಂಗೆ" ಅಂದ. "ಅದಕ್ಕೇ ಅಣ್ಣನ ಅಜ್ಜೀನ ಒಸಿ ದಿನ ಇಟ್ಕಂಡಿದ್ದೆ."

ಬಸ್ಸೆಲ್ಲ ನಕ್ಕಿತು. ಸಿದ್ದಣ್ಣ ನಗಲಿಲ್ಲ. ಎದ್ದು ಹೋಗಿ ಕಡೆಯ ಸೀಟಿನಲ್ಲಿ ಕೂತ. ಮಾರನೆಯ ದಿನವೂ ಅಲ್ಲೇ. ಕತೆ ನಿಂತಿತು, ಡಬ್ಬಿಯ ಪಲ್ಯ ಅವರವರ ಹೊಟ್ಟೆಗೇ ಹೋಯಿತು. ಗೇಟಿನ ಒಳಗೆ ಹೆಸರಿಲ್ಲದವನಿಗೆ ಈಗ ಬಸ್ಸಿನಲ್ಲೂ ಹೆಸರಿಲ್ಲದಂತಾಯಿತು. ಅದು ನಮಗೆ ಅರ್ಥವಾಗುವುದು ತಡವಾಯಿತು. ಇಂಜಿನ್ನಿನ ಸದ್ದು ಅಷ್ಟು ದೊಡ್ಡದೆಂದು ತಿಳಿದದ್ದೂ ಆಗಲೇ.

ಕೊನೆಗೆ ನಾನೇ ಹೇಳಿದೆ, ಕೆಂಪಜ್ಜಿ ಇನ್ನೂ ಗಟ್ಟಿಯಾಗಿದ್ದಾರಲ್ಲ, ಅವರನ್ನೇ ಕೇಳಿಬಿಡೋಣ ಎಂದು. ಸಿದ್ದಣ್ಣ ಒಪ್ಪಿದ. ತಾನೇ ಗೆಲ್ಲುವುದೆಂದು ಅವನಿಗೆ ಖಾತ್ರಿ. ಒಂದು ಭಾನುವಾರ ಮೂವರೂ ದೊಡ್ಡಮಳೂರಿಗೆ ಹೋದೆವು. ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದರು. ಬಂದ ಕಾರಣ ಕೇಳಿ, ಸರಿ ಹೇಳಿ ಎಂದರು. ಕೈ ನಿಲ್ಲಿಸಲಿಲ್ಲ.

ಸಿದ್ದಣ್ಣ ಮೊದಲು ಹೇಳಿದ. ಎಂದೂ ಹೇಳದಷ್ಟು ಚೆನ್ನಾಗಿ ಹೇಳಿದ. ಅಜ್ಜಿ ಮುಗಿಯುವವರೆಗೂ ಕೇಳಿ, "ಕುಡ್ಲು ಯಾರ್ ಕೊಟ್ರಪ್ಪ ನಂಗೆ?" ಅಂದರು. "ಮನೇಲಿದ್ದುದ್ದೇ ಒಂದು. ಅದ್ನ ನಿಮ್ ತಾತ ಹೊಲಕ್ಕೆ ತಗಂಡೋಗಿತ್ತು."

ಆಮೇಲೆ ನಯಾಜ್ ಅಳುಕುತ್ತಲೇ ತನ್ನದನ್ನು ಹೇಳಿದ. ಈಗ ಬರುತ್ತಿದ್ದೀಯಾ ಎಂದು ದಾದಿ ಬೈಯುವಲ್ಲಿಗೆ ಬಂದಾಗ ಅಜ್ಜಿಯ ಕೈ ನಿಂತಿತು.

"ಇದ್ನ ನಿಂಗ್ ಯಾರ್ಲಾ ಯೋಳ್ದೋರು?"

"ಯಾರೂ ಇಲ್ಲ ಅಜ್ಜಿ, ನಾನೇ ಹಾಕ್ದೆ. ಕೈತುಂಬ ಕೆಲ್ಸ ಇರೋ ಹೆಂಗಸ್ರು ಬಾಗ್ಲಿಗೆ ಬಂದೋರ್ನ ಮೊದ್ಲು ಬೈತಾರೆ, ಆಮೇಲಲ್ವಾ ಯಾರು ಅಂತ ಕೇಳೋದು?"

ಅಜ್ಜಿ ನಗಲು ಶುರು ಮಾಡಿದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೂ ನಕ್ಕರು. ನಿಜ ಹೊರಬಿತ್ತು. ಆವತ್ತು ನಾದಿನಿಯ ಊರಿಂದ ಒಬ್ಬ ಆಳನ್ನು ಕಳಿಸುವ ಮಾತಾಗಿತ್ತು. ಬಾಗಿಲಲ್ಲಿ ಯಾವನೋ ಕಂಡ. ಅವನೇ ಇವನೆಂದು ಹಿಗ್ಗಾಮುಗ್ಗಾ ಬೈದು ಸೊಪ್ಪು ಹಾಕಲು ಕೂರಿಸಿದರು. ಅವನು ಸಂಜೆಯವರೆಗೆ ದುಡಿದು, ಮುದ್ದೆ ಉಂಡು, ಹೋಗುವಾಗ ಕಂಬಳಿಯೊಳಗೆ ಮೊದಲೇ ಬಚ್ಚಿಟ್ಟಿದ್ದ ಅಜ್ಜಿಯ ಮನೆಯದೇ ಹಿತ್ತಾಳೆ ಚೊಂಬನ್ನು ತೆಗೆದು ಜಗಲಿಯ ಮೇಲಿಟ್ಟು ಹೋದ. ಆಗ ತಿಳಿಯಿತಂತೆ ಬಂದವನು ಯಾರೆಂದು. ಗಂಡನಿಗೊಬ್ಬನಿಗೆ ಹೇಳಿದರು. ಕಳ್ಳನಿಗೆ ಮುದ್ದೆ ಬಡಿಸಿದ ಹೆಂಡತಿಯ ವಿಷಯವನ್ನು ನಾಲ್ಕು ಜನರ ಮುಂದೆ ಹೇಗೆ ಹೇಳುವುದೆಂದು ತಾತ ಕತೆಯಲ್ಲಿ ಅವಳ ಕೈಗೆ ಕುಡುಗೋಲು ಕೊಟ್ಟಿದ್ದ.

ಸಿದ್ದಣ್ಣನ ಮುಖ ಇಷ್ಟಾಯಿತು. ಕದ್ದವನ ಕತೆ ನಿಜವಾಗಿತ್ತು, ಸ್ವಂತದ್ದು ಸುಳ್ಳಾಗಿತ್ತು. "ಹಂಗಾದ್ರೆ ಕಳ್ಳ ಯಾರವ್ವಾ?" ಎಂದು ಕೇಳಿದ.

"ಈ ಹೈದ ನನ್ ಹೆಸ್ರ ತೆಗ್ದು ನನ್ನ ಇಟ್ಕಂಡವ್ನೆ. ನೀನೂ ನಿಮ್ ತಾತನೂ ಹೆಸ್ರ ಇಟ್ಕಂಡು ನನ್ನ ತೆಗ್ದಿದ್ರಿ. ಇಬ್ರೂ ಕಳ್ರೇ ಕಣ್ರಲಾ" ಎಂದ ಅಜ್ಜಿ ಹುಣಸೆಯ ರಾಶಿಯನ್ನು ಎರಡು ಪಾಲು ಮಾಡಿ ಅವರ ಮುಂದೆ ತಳ್ಳಿದರು. "ಕುಂತ್ಕಳಿ, ಬೀಜ ಬುಡ್ಸಿ."

ಇಬ್ಬರೂ ಕೂತರು. ನ್ಯಾಯಾಧೀಶನಿಗೂ ಒಂದು ಪಾಲು ಬಂತು. ಸೋಮವಾರದ ಬಸ್ಸಿನಲ್ಲಿ ಮೂವರ ಬೆರಳೂ ಕಪ್ಪಗಿದ್ದವು. ಡ್ರೈವರ್ ಹಿಂದಿನ ಸೀಟಿನಲ್ಲಿ ಒಬ್ಬರಿಗೆ ಬದಲು ಇಬ್ಬರು ಕೂತಿದ್ದರು. ಕತೆಯಿಂದ ಕುಡುಗೋಲು ಬಿಟ್ಟುಹೋದದ್ದಕ್ಕೆ ನನಗೆ ಒಳಗೊಳಗೇ ಬೇಸರವಾಯಿತೆಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಮೊನ್ನೆಯ ಬೀಗರೂಟದಲ್ಲಿ ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬಂದ ಹೊತ್ತಿಗೆ, ತಲೆ ನರೆತ ಸಿದ್ದಣ್ಣ ಮಾಗಡಿಯಿಂದ ಬಂದ ಬೀಗರ ನಡುವೆ ಕೂತು ಕತೆ ತೆಗೆದ. ಕೆಂಪಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಇದು ನಮ್ಮಜ್ಜಿ ಕತೆ, ಕಟ್ಟಿದ್ದು ಅಗೋ ಆ ನಯಾಜ್ ಎಂದು ಕೈ ತೋರಿಸಿಯೇ ಶುರು ಮಾಡಿದ. ಅರ್ಧಕ್ಕೆ ಬಂದಿದ್ದಾನೆ, ಬೀಗರಲ್ಲಿ ಹಿರಿಯರೊಬ್ಬರು ಕೈ ಅಡ್ಡ ಹಿಡಿದು, "ತಡೀರಿ ಬೀಗ್ರೇ, ಇದು ಆಗಿದ್ದು ನಮ್ಮೂರಲ್ಲಿ. ಕಳ್ಳನ್ನ ಕೂರ್ಸಿದ್ದು ನಮ್ ದೊಡ್ಡಮ್ಮ" ಅಂದರು.

ಬೀಗರೂಟದ ದಿನವೇ ಜಗಳ ಬಿತ್ತಲ್ಲ ಎಂದು ಹೆಂಡತಿಯ ಕಡೆ ನೋಡಿದೆ. ಸಿದ್ದಣ್ಣ ನಯಾಜನನ್ನು ಕಣ್ಣಲ್ಲೇ ಹತ್ತಿರ ಕರೆದು, ಎಲೆಗೆ ಸುಣ್ಣ ಹಚ್ಚಿ ಬೀಗರ ಕೈಗೆ ಕೊಡುತ್ತ ಕೇಳಿದ:

"ಹೌದಾ? ನಿಮ್ ದೊಡ್ಡಮ್ಮ ಅವನಿಗೆ ಏನ್ ಕೆಲ್ಸ ಕೊಟ್ಟಿದ್ರು?"