ಕೆಳಗಿನ ತಟ್ಟೆಯ ಹುಳ

ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವವರೆಲ್ಲ ಮೇಲಿನ ತಟ್ಟೆಯಿಂದಲೇ ಶುರು ಮಾಡುತ್ತಾರೆ. ಬಗ್ಗುವ ಕೆಲಸವನ್ನು ಕೊನೆಗಿಟ್ಟುಕೊಳ್ಳುವುದು ಸೊಂಟವಿರುವ ಪ್ರಾಣಿಯ ಸಹಜ ಧರ್ಮವೆಂದು ನಾನು ತಿಳಿದಿದ್ದೇನೆ. ಆವತ್ತು ಮುಳ್ಳೂರಿನ ನಮ್ಮ ಮನೆಯಲ್ಲಿ ನಾನಿನ್ನೂ ನಡುವಿನ ತಟ್ಟೆಯಲ್ಲಿದ್ದಾಗ, ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮೈದುನ ಸಿದ್ದರಾಜು ಟ್ರಂಕಿನ ಸಮೇತ ಬಸ್ಸಿಳಿದನೆಂದು ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿ ಹೇಳಿದಳು. ಕಾಲೇಜಿಗೆ ರಜೆಯಿರಲಿಲ್ಲ, ಪರೀಕ್ಷೆ ಹತ್ತಿರವಿತ್ತು.

ಮೈಯಲ್ಲಿ ಕಾಯಿಲೆಯೇನೂ ಇರಲಿಲ್ಲ. ಓದಿದ ಪುಟ ಮಗುಚುವಷ್ಟರಲ್ಲಿ ಮರೆಯುತ್ತದೆ, ಲೆಕ್ಕದ ಮೊದಲ ಸಾಲಿನಿಂದ ಎರಡನೆಯದಕ್ಕೆ ಮನಸ್ಸು ಹೋಗುವುದೇ ಇಲ್ಲ ಎಂದಷ್ಟೇ ಹೇಳಿ ಕಂಬಕ್ಕೊರಗಿ ಕೂತ. ಪರೀಕ್ಷೆಗೆ ಕೂರದಿದ್ದರೆ ಓದು ಅಲ್ಲಿಗೇ ನಿಂತಂತೆ. ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನಾಗುವುದಕ್ಕೆ ನಮ್ಮ ಕಡೆ ಜ್ವರವೆನ್ನುತ್ತೇವೆ. ಜ್ವರಕ್ಕೆ ಕೂತ ಹುಳವನ್ನು ಅಲುಗಿಸಬಾರದು. ಅತ್ತೆ ಮಗನಿಗೂ ಅದೇ ಶಾಸ್ತ್ರ ಹಚ್ಚಿದರು. ನೀರಿನ ಚೊಂಬು ಕೂಡ ಅವನಿದ್ದಲ್ಲಿಗೇ ಹೋಗಬೇಕು. ಹುಳವೇನೋ ಮಾರನೆಯ ದಿನ ಎದ್ದು ಸೊಪ್ಪು ಕೇಳಿತು, ಮೈದುನ ಏಳಲಿಲ್ಲ.

ನನ್ನ ಯಜಮಾನರು ಅಜ್ಜೀಪುರದಲ್ಲಿ ಮೇಷ್ಟರು, ಮನೆಗೆ ಶನಿವಾರಕ್ಕೊಮ್ಮೆ. ಅತ್ತೆಗೆ ಕಿವಿ ಮಂದ. ಮಿಕ್ಕ ದಿನವೆಲ್ಲ ಹುಳಗಳೊಡನೆ ಮಾತಾಡಿಕೊಂಡಿದ್ದ ನಾನು, ಮನೆಗೊಬ್ಬ ಮನುಷ್ಯ ಬಂದನಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಸುಮ್ಮನಿರುವವರು ಒಬ್ಬರು ಹೆಚ್ಚಾದರು, ಅಷ್ಟೆ. ಆದರೂ ಅವನು ಊಟ ಬೇಡವೆನ್ನಲಿಲ್ಲ. ಮನೆದೇವರು ಮಾದಪ್ಪ ಅಷ್ಟನ್ನು ಉಳಿಸಿದ್ದ.

ನಾಲ್ಕನೇ ಜ್ವರ ಕಳೆದ ಹುಳದ ಹಸಿವು ಕಂಡವರಿಗೇ ಗೊತ್ತು. ಅದೇ ಹೊತ್ತಿಗೆ ಸೊಪ್ಪು ಹೊರುವ ಹೆಂಗಸು ತವರಿಗೆ ಹೋಗಿ ಕೂತಳು. ದಾರಿ ಕಾಣದೆ ಕುಡುಗೋಲನ್ನು ಮೈದುನನ ಮುಂದಿಟ್ಟೆ.

“ಓದೋ ಕೈಗೆ ಕುಡ್ಲು ಕೊಟ್ಟೀಯಲ್ಲಮ್ಮಿ, ನಿಂಗೇನು ಬಂದದೆ?” ಎಂದರು ಅತ್ತೆ.

“ನಂಗೆ ಬಂದಿರೋದು ಎರಡೇ ಕೈ ಕಣತ್ತೆ,” ಎಂದು ಗಟ್ಟಿಯಾಗಿಯೇ ಹೇಳಿದೆ.

ಮೈದುನ ಹೊತ್ತ ಮೊದಲ ದಿನದ ಸೊಪ್ಪಿನ ಹೊರೆ ನಾಲೆಯ ಏರಿಯ ಮೇಲೇ ಬಿಚ್ಚಿಕೊಂಡಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಆದರೂ ಬೆಳಿಗ್ಗೆ ಸಂಜೆ ತೋಟಕ್ಕೆ ಹೋಗಿ ಬಂದ. ಇನ್ನೊಂದು ಮುದ್ದೆ ಕೇಳಿ ಉಂಡ. ನಡೆದರೆ ಮನಸ್ಸು ಯಾಕೆ ತಿಳಿಯಾಗುತ್ತದೋ ಓದಿದವರು ಹೇಳಬೇಕು. ದೇವರ ಮುಂದೆ ಕೂತರೆ ಒಲೆಯ ಕಡೆಗೆ ಓಡುವ ನನ್ನ ಮನಸ್ಸು, ಬೀಸುವ ಕಲ್ಲು ತಿರುಗಿಸುವಾಗ ಮಾತ್ರ ದೇವರ ಹತ್ತಿರವೇ ಇರುತ್ತದೆ, ನನಗೆ ಗೊತ್ತಿರುವುದು ಅಷ್ಟೆ.

ಒಂದು ಸಂಜೆ ಸೊಪ್ಪು ಉದುರಿಸುತ್ತಿದ್ದವನು ಬಗ್ಗಿ ನೋಡಿದ. “ಅತ್ಗೆ, ಕೆಳಗಿನ ತಟ್ಟೆ ಹುಳ ಸಣ್ಣದಾಗವೆ. ದಿನಾ ಮಿಕ್ಕಿದ್ದೇ ಬೀಳ್ತದೆ ಅವುಕ್ಕೆ. ಒಂದಿನ ಮೇಲಿಂದ, ಒಂದಿನ ಕೆಳಗಿಂದ ಹಾಕ್ಬಾರ್ದಾ?”

ಲೆಕ್ಕದ ಎರಡನೆಯ ಸಾಲು ಅವನಿಗೆ ಸಿಕ್ಕಿತ್ತು. ನಾನು ಮಾದಪ್ಪನ ಪಟದ ಕಡೆ ತಿರುಗುವಷ್ಟರಲ್ಲಿ, ಅವನು ಮೆಲ್ಲಗೆ, “ನೀವೂ ಯಾವಾಗ್ಲೂ ಕೊನೇಗೇ ಉಣ್ಣೋದು,” ಎಂದ. ಆ ಮನೆಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ, ನಾನೂ ನೋಡಿಕೊಂಡಿರಲಿಲ್ಲ.

ಹುಳ ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೇರಿದ ಮಾರನೆಯ ದಿನ, ಪರೀಕ್ಷೆಗೆ ಕೂರುತ್ತೇನೆಂದು ಟ್ರಂಕು ಎತ್ತಿಕೊಂಡ. ಪೂರ್ತಿ ಗುಣವಾಗಿತ್ತೆಂದು ಹೇಳಲಾರೆ; ನಡುನಡುವೆ ಇನ್ನೂ ಕಂಬ ಹುಡುಕುತ್ತಿದ್ದ. ಹೊರಡುವ ಮುಂಚೆ ನನ್ನ ತಣಿಗೆಯನ್ನೂ ತನ್ನ ಪಕ್ಕದಲ್ಲಿಟ್ಟು, ನಾನು ಕೂರುವ ತನಕ ಅನ್ನಕ್ಕೆ ಕೈ ಹಚ್ಚಲಿಲ್ಲ.

ಕೊಳ್ಳೇಗಾಲದ ಬಸ್ಸಿನ ಸದ್ದು ಅಡಗಿದ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಮಾತಾಡಿಕೊಳ್ಳಲು ತಟ್ಟೆಯಲ್ಲಿ ಹುಳವೂ ಇರಲಿಲ್ಲ. ಖಾಲಿ ತಟ್ಟೆಗಳಿಗೆ ಸೆಗಣಿ ಬಳಿಯಬೇಕಿತ್ತು. ಸೀರೆ ಎತ್ತಿ ಕಟ್ಟಿ, ಸೊಂಟ ಗೊಣಗುತ್ತಿದ್ದರೂ ಕೇಳದೆ, ಕೆಳಗಿನ ತಟ್ಟೆಯನ್ನು ಮೊದಲು ಎಳೆದುಕೊಂಡೆ.