ಹರಿಯಬೇಕಾದ ಹೊಲಿಗೆ

ಹಿರಿಯೂರಿನಲ್ಲಿ ನನ್ನ ಬೇಕರಿಯ ಪಕ್ಕದಲ್ಲೇ ಒಬ್ಬ ದರ್ಜಿಯ ಅಂಗಡಿ. ಕಾರುಗಳ ಸೀಟಿಗೆ ಕವರ್ ಹೊಲಿಯುತ್ತಿದ್ದ. "ಸೀಟು ಹೋದ್ರೂ ನನ್ನ ಹೊಲಿಗೆ ಹೋಗಲ್ಲ" ಅನ್ನುವುದು ಅವನ ಜಂಬ. ಮುಂದಿನ ಸೀಟಿನ ಬಾಗಿಲ ಕಡೆಯ ಅಂಚಿಗೆ ಬಂದಾಗ ಮಾತ್ರ ದಾರ ಬದಲಿಸುತ್ತಿದ್ದ. ಕಿವಿಯ ಹತ್ತಿರ ಹಿಡಿದು ಪಟ್ಟಂತ ಎಳೆದು, ಸಲೀಸಾಗಿ ಕಿತ್ತುಹೋಗುವ ದಾರವನ್ನೇ ಮಿಷನ್ನಿಗೆ ಏರಿಸುತ್ತಿದ್ದ. "ಇದು ಹರೀಬೇಕ್ರಿ."

ಮಾಡದಕೆರೆಯ ಕುರಿ ಸಾಕುವ ಯಜಮಾನರೊಬ್ಬರು ರೇಗಿದ್ದರು. "ದುಡ್ಡು ಕೊಟ್ಟು ಹರಿಯೋ ಹೊಲಿಗೆ ಹಾಕಿಸ್ಕಳಾಕೆ ನನಗೇನು ಹುಚ್ಚಾ? ಗಟ್ಟಿ ದಾರ ಹಾಕಪ್ಪ."

"ಸೀಟಿನೊಳಗೆ ಏರ್‌ಬ್ಯಾಗ್ ಐತೆ ಯಜಮಾನ್ರೆ. ಪಕ್ಕದಿಂದ ಏನಾರ ಗುದ್ದಿದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಇಲ್ಲಿಂದಲೇ ಹೊರಗೆ ಬರ್ಬೇಕು. ಗಟ್ಟಿ ಹೊಲಿದ್ರೆ ಒಳಗೇ ಸಿಕ್ಕಾಕ್ಕಂತೈತೆ. ಒಪ್ಪಿಗೆ ಇಲ್ಲಾಂದ್ರೆ ಕವರ್ರೇ ಬೇಡ ಬಿಡ್ರಿ."

ಗೊಣಗುತ್ತಲೇ ಹಾಕಿಸಿಕೊಂಡು ಹೋದರು.

ಕೆಲವು ತಿಂಗಳ ಮೇಲೆ ಅದೇ ಯಜಮಾನರು ಹರಿದ ಕವರನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಬೈಪಾಸಿನಲ್ಲಿ ಲಾರಿಯೊಂದು ಅವರ ಬಾಗಿಲಿಗೇ ಗುದ್ದಿತ್ತಂತೆ. ಮೊಣಕೈ ತರಚಿದ್ದು ಬಿಟ್ಟರೆ ಅವರಿಗೇನೂ ಆಗಿರಲಿಲ್ಲ. ರಿಪೇರಿಯಾದ ಕಾರು ಹೊಸ ಸೀಟಿನೊಂದಿಗೆ ಹೊರಗೆ ನಿಂತಿತ್ತು.

ಅವನು ಕವರ್ ಕಸಿದುಕೊಂಡು ಬೆರಳಾಡಿಸಿ ನೋಡಿದ. ತಾನು ಹೊಲಿದ ಗೆರೆಯಲ್ಲೇ, ಮೇಲಿಂದ ಕೆಳಗಿನವರೆಗೆ, ನೀಟಾಗಿ ಬಿಚ್ಚಿಕೊಂಡಿತ್ತು.

"ಹರೀತು! ನನ್ನ ಹೊಲಿಗೆ ಹರೀತು!"

ರಸ್ತೆಗೆಲ್ಲ ಕೇಳುವಂತೆ ಕೂಗುತ್ತಾ ಬೇಕರಿಗೆ ಓಡಿಬಂದವನು ಮೈಸೂರುಪಾಕಿನ ತಟ್ಟೆಯನ್ನೇ ಎತ್ತಿಕೊಂಡು ಹೋಗಿ ಕಂಡವರಿಗೆಲ್ಲ ಹಂಚಿದ. ಆ ತಟ್ಟೆ ನನಗೆ ವಾಪಸ್ಸು ಬರಲೇ ಇಲ್ಲ.

ಬಾಯಿ ತುಂಬ ಸಿಹಿ ಇಟ್ಟುಕೊಂಡೇ ಯಜಮಾನರು ಕಾರಿನ ಕಡೆ ಕೈ ತೋರಿಸಿದರು. "ಹೊಸ ಸೀಟಿಗೂ ಹೊಲಿಯಪ್ಪ. ಆ ದಾರ ಇತ್ಲಾಗೆ ಕೊಡು, ಈ ಸಲ ನಾನೇ ಕಿತ್ತು ನೋಡ್ತೀನಿ."